ಒಂದು ಗುಟುಕಿನ ಸಂದು

ಮಾರ್ಚ್ 3, ಬೆಳಿಗ್ಗೆ
ಮಂಡಿ ನೋವು ಹಾಗೇ ಇದೆ. ಸೊಸೆಯ ಟೀಯೂ ಹಾಗೇ — ಬರೀ ಬಿಸಿನೀರು. ಮೊಮ್ಮಗಳು ನೈಟ್ ಡ್ಯೂಟಿ ಮುಗಿಸಿ ಬಂದಳು, ಮುಖ ಇಷ್ಟುದ್ದ. ಇಪ್ಪತ್ತನೇ ತಾರೀಕು ಅವಳ ಆಸ್ಪತ್ರೆಯಲ್ಲಿ ಪ್ಯಾನೆಲ್ ಅಂತೆ. ವೇದಿಕೆಯ ಮೇಲೆ ನಾಲ್ಕು ಜನ ಕೂತು ಇಂಗ್ಲಿಷಿನಲ್ಲಿ ಚರ್ಚೆ ಮಾಡುವುದು. ಹೋದ ಸಲ ಇವಳು ಬಾಯೇ ಬಿಡದೆ, ನಕ್ಕು ಎದ್ದು ಬಂದಿದ್ದಳು. ಈ ಸಲವೂ ಹಾಗಾದರೆ ಮುಂದೆ ಬೇರೆಯವರನ್ನು ಕೂರಿಸುತ್ತೇನೆ ಅಂದಿದ್ದಾರೆ ಹೆಡ್ ನರ್ಸ್.

ಹೇಳಬೇಕಾದ್ದು ಒಂದೇ ಮಾತು. ಪಾಳಿ ಬದಲಾಗುವಾಗ ಒಬ್ಬ ನರ್ಸ್ ಇನ್ನೊಬ್ಬಳಿಗೆ ರೋಗಿಗಳ ವಿಷಯ ಒಪ್ಪಿಸಬೇಕು. ಅದನ್ನು ಕಾರಿಡಾರಿನ ಗದ್ದಲದಲ್ಲಿ ಕೂಗಿ ಹೇಳುತ್ತಾರೆ. ಯಾವತ್ತಾದರೂ ಔಷಧಿ ಅದಲುಬದಲಾದೀತೆಂದು ಇವಳಿಗೆ ಹೆದರಿಕೆ. ಬಾಗಿಲು ಹಾಕಿಕೊಳ್ಳಲು ಒಂದು ಕೋಣೆ ಬೇಕು. ಅಷ್ಟೇ.

ಮಾರ್ಚ್ 5
ಇಂಗ್ಲಿಷ್ ಬರುತ್ತದೆ ಅವಳಿಗೆ. ಮಾತಿನೊಳಗೆ ನುಗ್ಗಲು ಬರುವುದಿಲ್ಲ. ಅದಕ್ಕೆ ಕೊಂಡಿಮಾತುಗಳಿವೆಯಂತೆ. ‘ಬಿಲ್ಡಿಂಗ್ ಆನ್ ದಟ್’ — ನೀವು ಹೇಳಿದ್ದಕ್ಕೇ ನಾನೊಂದು ಸೇರಿಸುತ್ತೇನೆ. ‘ಹ್ಯಾವಿಂಗ್ ಸೆಡ್ ದಟ್’ — ಅದೇನೋ ಸರಿ, ಆದರೆ... ಇದೇನು ಹೊಸ ವಿದ್ಯೆಯೋ! ಸೊಸೆಯ ಹತ್ತಿರ ನಾನು ದಿನಾ ಆಡುವುದೇ ಇದು.

“ಬಾಯಿಪಾಠ ಇದೆ ಅಜ್ಜಿ. ಆದ್ರೆ ದೊಡ್ಡ ಡಾಕ್ಟ್ರು ಮಾತು ನಿಲ್ಸೋವರೆಗೂ ಕಾಯ್ತೀನಿ. ಅವ್ರು ನಿಲ್ಸೋದೇ ಇಲ್ಲ.”

“ಯಾಕೇ ಕಾಯ್ತೀಯ?”

“ದೊಡ್ಡೋರ ಮಾತಿಗೆ ಅಡ್ಡ ಬಾಯಿ ಹಾಕ್ಬೇಡ ಅಂತ ನೀನೇ ತಾನೇ ಬೆಳೆಸಿದ್ದು?”

“ನನ್ನ ಮಾತಿಗೆ ಹಾಕ್ಬೇಡ ಅಂದಿದ್ದು ಕಣೇ. ಕಂಡೋರ ಮಾತಿಗಲ್ಲ!”

ಮಾರ್ಚ್ 9
ಊಟದ ಮೇಜೇ ವೇದಿಕೆ. ನಿಲ್ಲದೆ ಮಾತಾಡುವ ಡಾಕ್ಟರು ನಾನು — ಅದಕ್ಕೆ ವೇಷ ಬೇಕಾಗಲಿಲ್ಲ. ನಾನು ಟೀ ಲೋಟ ತುಟಿಗಿಟ್ಟ ಕೂಡಲೇ ಅವಳು ಕೊಂಡಿ ಹಾಕಿ ನುಗ್ಗಬೇಕು. ಮೊದಮೊದಲು ನಾನು ಕುಡಿದು ಬಾಯಿ ಒರೆಸಿಕೊಂಡರೂ “ಬಿ... ಬಿಲ್...” ಮೂರನೇ ಲೋಟಕ್ಕೆ ನುಗ್ಗಿದಳು! ಮಗ ಈಗ ಉಪ್ಪು ಕೇಳುವುದಕ್ಕೂ “ಬಿಲ್ಡಿಂಗ್ ಆನ್ ದಟ್” ಅನ್ನುತ್ತಾನೆ. ಸೊಸೆ, “ಹ್ಯಾವಿಂಗ್ ಸೆಡ್ ದಟ್, ಪಾತ್ರೆ ಯಾರು ತೊಳೀತೀರಿ?” ಅಂದಳು. ಅವಳಿಗೆ ಯಾರೂ ಕಲಿಸಬೇಕಾಗಿಲ್ಲ.

ಮಾರ್ಚ್ 20, ಮಧ್ಯಾಹ್ನ
ಫೋನಿನಲ್ಲಿ ಎಲ್ಲರೂ ನೋಡಿದೆವು. ದೊಡ್ಡ ಡಾಕ್ಟರು ಶುರು ಮಾಡಿದರು... ಮಾಡಿದರು... ನೀರಿನ ಲೋಟ ಎದುರಿಗೇ ಇದೆ, ಮುಟ್ಟುವುದಿಲ್ಲ ಪುಣ್ಯಾತ್ಮ! ಒಂಟೆಯ ಹೊಟ್ಟೆ ಇರಬೇಕು. ಮೊಮ್ಮಗಳು ಆ ಲೋಟವನ್ನೇ ನೋಡುತ್ತಿದ್ದಾಳೆ. ನಾನು ಸೆರಗಿನ ಅಂಚು ಕಚ್ಚುತ್ತಿದ್ದೇನೆ. ಟೈಮ್ ಆಗ್ತಾ ಬಂತು ಅಂತ ಚರ್ಚೆ ನಡೆಸುವವರು ಸನ್ನೆ ಮಾಡಿದರು.

ಆಗ ಇವಳು ಮೆಲ್ಲಗೆ ಲೋಟ ಎತ್ತಿ, ಎರಡೂ ಕೈಯಲ್ಲಿ ಅವರ ಮುಂದೆ ಹಿಡಿದಳು. ರೋಗಿಗೆ ಮಾತ್ರೆ ನುಂಗಿಸುವಾಗ ಹಿಡಿಯುವ ಹಾಗೆ. ಪಾಪ, ಮರ್ಯಾದಸ್ಥರು — ತೆಗೆದುಕೊಂಡು ಕುಡಿದರು.

“ಬಿಲ್ಡಿಂಗ್ ಆನ್ ದಟ್, ಡಾಕ್ಟರ್...”

ಆಮೇಲೆ ಇವಳು ನಿಲ್ಲಲಿಲ್ಲ. ಕೋಣೆಯ ಮಾತು ಪೂರ್ತಿ ಬಂತು. ಒಂದು ವಾರ್ಡಿನಲ್ಲಿ ಮಾಡಿ ನೋಡೋಣ ಅಂದರಂತೆ ಆಸ್ಪತ್ರೆಯ ಹಿರಿಯರು. ಸೊಸೆ ಅರ್ಥ ಹೇಳಿದಳು. ಮಗ ಚಪ್ಪಾಳೆ ತಟ್ಟಲು ಹೋಗಿ ಫೋನ್ ಬೀಳಿಸಿದ.

ಮಾರ್ಚ್ 21, ಸಂಜೆ
ಪಕ್ಕದ ಮನೆಯವಳಿಗೆ ಕಥೆ ಹೇಳೋಣವೆಂದರೆ ಮೊಮ್ಮಗಳು ಬಿಡಬೇಕಲ್ಲ. ನಾನು ಬಾಯಿ ತೆರೆದರೆ ಸಾಕು, ಟೀ ತಂದು ಕೈಗಿಟ್ಟು ತಾನೇ ಶುರು ಮಾಡುತ್ತಾಳೆ. ನನ್ನ ವಿದ್ಯೆ ನನ್ನ ಮೇಲೇ! ಇನ್ನು ಇವಳ ಕೈಯಿಂದ ಒಂದು ಹನಿಯನ್ನೂ ಮುಟ್ಟುವುದಿಲ್ಲ. ಎಲ್ಲ ಇಲ್ಲೇ ಬರೆಯುತ್ತೇನೆ, ಇಲ್ಲಿ ಯಾರು ಅಡ್ಡ ಬರುತ್ತಾರೆ? ಮೊದಲನೆಯದಾಗಿ, ಲೋಟದ ಉಪಾಯ ಹೊಳೆದದ್ದು ನನಗೆ —

ಇಗೋ, ಬಂದಳು. ಲೋಟ ಇಟ್ಟು ಕಳ್ಳಿಯ ಹಾಗೆ ನಿಂತಿದ್ದಾಳೆ. ಶುಂಠಿ ಹಾಕಿದ್ದಾಳೆ. ಘಮಘಮ... ಒಂದೇ ಗುಟುಕು. ಕುಡಿದು ಮುಂದುವ