ಹೊಗೆ ನೆಟ್ಟಗೆ ಹೋಗುತ್ತಿದೆಯೇ?

ಮುನಿಸಿನ ಮಹಾರಾಣಿಯವರ ಸನ್ನಿಧಾನಕ್ಕೆ,

ಶುಕ್ರವಾರ, ಬೆಳಿಗ್ಗೆ. ಮೈಮೇಲೆ ಸ್ವೆಟರ್ ಎರಡು, ಕಾಲುಚೀಲ ಮೂರು. ಮೂರನೆಯದು ಯಾವ ಕಾಲಿನಲ್ಲಿದೆ ಎಂದು ಕೇಳಬೇಡ.

ಚಿಮಣಿ ಕೂತಿತು. ಮೊದಲು ಈ ಸುದ್ದಿ ಓದಿಕೋ, ಆಮೇಲೆ ಬೇಕಾದರೆ ಕಾಗದ ಹರಿ.

ನೀನು ಅಕ್ಕನ ಮನೆಗೆ ಹೋದಮೇಲೆ ಇದು ಎರಡನೆಯ ಚಳಿಗಾಲ. ಒಲೆಯ ತೆಳು ತಗಡಿನ ಕೊಳವೆಯನ್ನೇ ನಾನು ಮರದ ಚಾವಣಿಯಲ್ಲಿ ತೂರಿಸಿದ್ದು, ಹಲಗೆ ಕಪ್ಪಾಗಿದ್ದು, ನೀನು ಮೇಜು ಹತ್ತಿ ಮುಟ್ಟಿ ಕೈ ಕೊಡವಿದ್ದು, "ನಿನ್ನ ಕೋಪಕ್ಕಿಂತ ತಣ್ಣಗಿದೆ" ಎಂದು ನಾನು ನಕ್ಕಿದ್ದು ಎಲ್ಲ ನೆನಪಿದೆ. "ನಿಮ್ಮ ಜೋಕಿಗೆ ನಾನು ಬೂದಿಯಾಗಲ್ಲ ರೀ" ಎಂದು ಸೂಟ್‌ಕೇಸ್ ಎತ್ತಿಕೊಂಡೆ ನೀನು. ಅಂದಿನಿಂದ ಆ ಒಲೆ ಹಚ್ಚಿಲ್ಲ. ಕಾಲೇಜಿನಲ್ಲಿ ಮೂವತ್ತು ವರ್ಷ ತರ್ಕ ಪಾಠ ಹೇಳಿದವನಿಗೆ ನಿನ್ನ ತರ್ಕ ಹೊಳೆಯಲು ಇಷ್ಟು ನಡುಕ ಬೇಕಾಯಿತು.

ಈ ಸಲ ತಂದಿರುವುದು ಕಾರ್ಖಾನೆಯಲ್ಲೇ ಸಿದ್ಧವಾದ ಚಿಮಣಿ. ಎರಡು ಪದರ ಉಕ್ಕು, ನಡುವೆ ಶಾಖ ತಡೆಯುವ ನಾರು. ಜೊತೆಗೆ ಬಂದ ಪುಸ್ತಕವನ್ನು ಮೂರು ಸಲ ಓದಿದೆ. ಬೇರೆ ಬೇರೆ ಕಂಪನಿಯ ತುಂಡುಗಳನ್ನು ಒಂದಕ್ಕೊಂದು ಜೋಡಿಸಲೇಬಾರದಂತೆ. ನಮ್ಮ ಮದುವೆ ಮಾತುಕತೆಯ ದಿನ ಈ ಪುಸ್ತಕ ಯಾರ ಕೈಯಲ್ಲೂ ಇರಲಿಲ್ಲ, ನೋಡು.

ಮಾಡಿನ ಮೇಲೆ ನಾನು, ಕೆಳಗೆ ಬೀದಿಯಲ್ಲಿ ಪಕ್ಕದ ಮನೆಯ ಟೈಲರ್. ಬಾಣದ ಗುರುತು ಮೇಲಕ್ಕಿಟ್ಟು ಒಂದೊಂದು ತುಂಡನ್ನೂ ತಿರುಗಿಸಿ ಬಿಗಿ ಮಾಡುತ್ತಿದ್ದೆ. "ವಾಲಿದೆ ಸಾರ್, ನಿಮ್ಮ ಟೋಪಿ ಥರಾನೇ!" ಎಂದು ಆತ ಕೂಗುತ್ತಿದ್ದ. "ನಿಮ್ಮ ಹೊಲಿಗೆಗಿಂತ ನೆಟ್ಟಗಿದೆ!" ಎಂದು ನಾನು. ಬೀದಿಗೆಲ್ಲ ನಗು.

ಒಂದೇ ಒಂದು ಎಡವಟ್ಟಾಯಿತು. ಚಿಮಣಿಗೂ ಚಾವಣಿಯ ಮರಕ್ಕೂ ನಡುವೆ ಸುತ್ತ ಎರಡಂಗುಲ ಜಾಗ ಬಿಡಬೇಕಿತ್ತು, ಬಿಟ್ಟೆ. ಆದರೆ ಅಟ್ಟದಿಂದ ಅಲ್ಲಿ ತಣ್ಣನೆ ಗಾಳಿ ಇಳಿಯತೊಡಗಿತು. ನೀನು ಬಿಟ್ಟುಹೋದ ಬೂದು ಶಾಲನ್ನು ಸುತ್ತಿ ಅಲ್ಲಿ ತುರುಕಿದೆ. ಒಲೆ ಹಚ್ಚುವ ಮುನ್ನ ಚಿಮಣಿ ತಪಾಸಣೆಗೆಂದು ಬಂದ ಹೆಂಗಸು ಏಣಿ ಹತ್ತಿ, ಶಾಲನ್ನು ಇಂಚಿಂಚಾಗಿ ಎಳೆದು ತೆಗೆದಳು.

"ಏನ್ ಸಾರ್ ಇದು?"

"ಹೆಂಡತಿ ಶಾಲು."

"ಅವ್ರೆಲ್ಲಿ?"

"ಅಕ್ಕನ ಮನೇಲಿ."

"ಬಚಾವಾದ್ರು ಬಿಡಿ. ಈ ಜಾಗ ಖಾಲಿನೇ ಇರ್ಬೇಕು ಸಾರ್, ಗಾಳಿ ಬಿಟ್ರೆ ಏನೂ ಇರಬಾರದು. ತುಂಬಿಸಿದ್ರೆ ಬಿಸಿ ಅಲ್ಲೇ ಕೂತು ಮರ ಸುಡುತ್ತೆ."

ನಗಲು ಹೋದೆ, ಆಗಲಿಲ್ಲ. ಮತ್ತೆ ಅದೇ ಹಲಗೆ, ಮತ್ತೆ ಅದೇ ನಾನು. ಜಾಗ ಗುಡಿಸಿ, ಚಿಮಣಿಯ ಜೊತೆ ಕೊಟ್ಟಿದ್ದ ಲೋಹದ ಫಲಕವನ್ನು ಅದರ ಕೆಳಗೆ ಮೊಳೆ ಹೊಡೆದು ಕೂರಿಸಿ, ಅವಳನ್ನು ಮತ್ತೆ ಕರೆಸಿದೆ. ಬುಧವಾರ ಬಂದು ಪಾಸು ಮಾಡಿದಳು. ಶಾಲು ಒಗೆದು ನಿನ್ನ ಕುರ್ಚಿಯ ಮೇಲಿಟ್ಟಿದ್ದೇನೆ. ಸೌದೆ ಒಣಗಿದೆ. ಒಲೆ ಮಾತ್ರ ಇನ್ನೂ ಹಚ್ಚಿಲ್ಲ.

ಇಂತಿ,
ಈಚೆಗೆ ಯಾರೂ "ರೀ" ಎಂದು ಕರೆಯದ
ನಿನ್ನವನು

ತಾ.ಕ.: ಟೈಲರ್ ಮನೆ ಖಾಲಿ ಮಾಡಿ ವರ್ಷವಾಯಿತು. ಮೇಲೆ ತಿರುಗಿಸಿದವನೂ ನಾನೇ, ಕೆಳಗಿಳಿದು ಬೀದಿಯಲ್ಲಿ ನಿಂತು "ವಾಲಿದೆ ಸಾರ್" ಎಂದವನೂ ನಾನೇ. ಹನ್ನೊಂದು ಸಲ ಹತ್ತಿಳಿದೆ. ನಗಲು ಬೀದಿಯಲ್ಲಿ ಯಾರೂ ಇರಲಿಲ್ಲ. ಆದರೆ ಮೊದಲ ಬೆಂಕಿಯನ್ನು ಬಿಟ್ಟು ಕದಲಬಾರದಂತೆ, ಹೊಗೆ ಸರಿಯಾಗಿ ಹೋಗುತ್ತಿದೆಯೇ ಎಂದು ಹೊರಗಿನಿಂದಲೂ ನೋಡಬೇಕಂತೆ. ಅದೊಂದು ಒಬ್ಬನಿಂದ ಆಗುವ ಕೆಲಸವಲ್ಲ. ನೀನು ಒಳಗೆ ಬರಬೇಕೆಂದೇನಿಲ್ಲ. ಬೀದಿಯಲ್ಲಿ ನಿಂತು ನೋಡಿ, ಅಲ್ಲಿಂದಲೇ ಒಂದು ಸಲ ಕೂಗಿ ಹೇಳು, ಸಾಕು. ಬಾಗಿಲು ತೆರೆದೇ ಇಟ್ಟಿರುತ್ತೇನೆ, ಕೇಳಿಸಲಿ ಎಂದು.