ಸಾಲು ತಾನೇ ತಿರುಗುತ್ತದೆ

ಅಪ್ಪ,

ಕಂಪ್ಯೂಟರ್ ಜೋಡಿಸಿಟ್ಟು ಕೆಲಸಕ್ಕೆ ಹೊರಟಿದ್ದೇನೆ. ಮೊದಲು ಗೋಡೆಯ ಸ್ವಿಚ್ ಹಾಕಿ, ಆಮೇಲೆ ಮೇಜಿನ ಕೆಳಗಿರುವ ಕಪ್ಪು ಡಬ್ಬದ ಗುಂಡಿಯನ್ನು ಒಂದೇ ಸಲ ಒತ್ತಿ. ಎರಡು ನಿಮಿಷ ಕಾದರೆ ಖಾಲಿ ಹಾಳೆ ತಾನಾಗಿಯೇ ಬರುತ್ತದೆ. ಅಷ್ಟರಲ್ಲೇ ಕೆಟ್ಟಿದೆ ಅಂತ ತೀರ್ಪು ಕೊಟ್ಟು ಎದ್ದು ಹೋಗಬೇಡಿ.

ಅಕ್ಷರಗಳು ನಿಮ್ಮ ಹಳೇ ಟೈಪ್‌ರೈಟರಿನಲ್ಲಿದ್ದ ಜಾಗದಲ್ಲೇ ಇವೆ. ಕೋರ್ಟಿನಲ್ಲಿ ಮೂವತ್ತು ವರ್ಷ ಟೈಪ್ ಮಾಡಿದ ಬೆರಳಿಗೆ ನಾನೇನು ಹೇಳಿಕೊಡಲಿ? ಕುಟ್ಟಬೇಡಿ, ಮುಟ್ಟಿದರೆ ಸಾಕು. ಸಾಲು ಮುಗಿದಾಗ ತಳ್ಳುವ ಹಿಡಿ ಇದಕ್ಕಿಲ್ಲ, ಸಾಲು ತಾನೇ ತಿರುಗುತ್ತದೆ. ನಿನ್ನೆ ಅಭ್ಯಾಸಬಲದಿಂದ ನಿಮ್ಮ ಎಡಗೈ ಸ್ಕ್ರೀನಿಗೆ ಬಡಿದಾಗ ನಾನು ನಕ್ಕೆ. ನೀವು ಎದ್ದು ಹೋಗಿ ಮುಸುಕೆಳೆದುಕೊಂಡು ಮಲಗಿದಿರಿ. ತಪ್ಪಾಯಿತು. ಸ್ಕ್ರೀನನ್ನು ಒಂದು ಗೇಣು ಹಿಂದಕ್ಕೆ ಸರಿಸಿದ್ದೇನೆ.

ಫ್ಲಾಸ್ಕಿನಲ್ಲಿ ಹಾಲಿದೆ, ನಿಧಾನವಾಗಿ ನುಂಗಿ.

“ದನಿ ಇನ್ನು ವಾಪಸ್ ಬರೋದಿಲ್ಲ” ಅಂತ ಡಾಕ್ಟರು ಹೇಳಿದ್ದು ನನಗೂ ಕೇಳಿಸಿದೆ. ಆಪರೇಷನ್ ಆದಾಗಿನಿಂದ ನೀವು ಸ್ಲೇಟಿನ ಮೇಲೆ ಬರೆದಿರುವುದು ‘ಬೇಡ’ ಅನ್ನುವುದೊಂದೇ. ಸಂಜೆ ನಾನು ಬರುವಷ್ಟರಲ್ಲಿ ಆ ಹಾಳೆಯ ಮೇಲೆ ನಾಲ್ಕು ಸಾಲಾದರೂ ಇರಲಿ. ಏನೂ ತೋಚದಿದ್ದರೆ ನನ್ನನ್ನೇ ಬೈದು ಬರೆಯಿರಿ. ನಿಮ್ಮಿಂದ ಬೈಸಿಕೊಂಡು ಇಪ್ಪತ್ತೆರಡು ದಿನವಾಯಿತು.

ನಿಮ್ಮ ಬಾಯಿಬಡುಕಿ