ಮೂರೂವರೆ ಗಂಟೆಯ ದಾರಿ

ಮಸ್ಕತ್
ಭಾನುವಾರ

ಮಾಯಕ್ಕನಿಗೆ ತಮ್ಮ ಚಲುವರಾಜು ಮಾಡುವ ನಮಸ್ಕಾರ.

ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ. ಅದಕ್ಕೇ ರಜೆಗೆ ಬರುತ್ತಿರುವ ಮದ್ದೂರಿನ ಗೆಳೆಯನ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ.

ಭಾವ ತೀರಿಕೊಂಡ ಬೆಳಿಗ್ಗೆ ನೀನು ಅಳುತ್ತಲೇ, "ಎಷ್ಟೊತ್ತಿಗೆ ಬತ್ತೀಯ ಏಳ್ಲಾ, ನೀನ್ ಬರೋಗಂಟ ಮಣ್ಣು ಮಾಡಾಕಿಲ್ಲ" ಅಂದೆ. ನಾನು, "ಎಲ್ಡು ದಿನದ ದಾರಿ ಕಣಕ್ಕ, ಮೂರು ಇಮಾನ ಬದ್ಲಾಯಿಸ್ಬೇಕು, ಕಾಯ್ಬ್ಯಾಡಿ" ಅಂದುಬಿಟ್ಟೆ. ಅದು ಸುಳ್ಳು. ಇಲ್ಲಿಂದ ಬೆಂಗಳೂರಿಗೆ ಒಂದೇ ವಿಮಾನ, ಮೂರೂವರೆ ಗಂಟೆ. ಅಲ್ಲಿಂದ ಬಸ್ಸು ಹಿಡಿದಿದ್ದರೂ ಸಂಜೆಯೊಳಗೆ ಹಲಗೂರು ಮುಟ್ಟುತ್ತಿದ್ದೆ. ಕೇಳುವ ಮೊದಲೇ ಸಾಹೇಬರು ರಜೆಯನ್ನೂ ಕೊಟ್ಟಿದ್ದರು.

ಹೋದ ವರ್ಷ ಬದುವಿನ ಜಗಳದಲ್ಲಿ ಊರವರೆದುರು ಭಾವನ ಕೆನ್ನೆಗೆ ಹೊಡೆದೆನಲ್ಲ, ಆ ಮುಖವನ್ನು ನೋಡುವ ಧೈರ್ಯ ಬರಲಿಲ್ಲ. ಟ್ರ್ಯಾಕ್ಟರಿನ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡು ನನಗೆ ಓಡಿಸಲು ಕಲಿಸಿದವರು ಅವರು.

ನೀವು ಮಾರನೆಯ ಸಂಜೆಯವರೆಗೂ ಕಾದಿರಂತೆ. ನಿನ್ನ ಮಗಳು ಗಗನ ಆಮೇಲೆ ಫೋನಿನಲ್ಲಿ, "ಅಪ್ಪ ಕೊನೇಲಿ ನಿನ್ನೇ ಕೇಳ್ತಿತ್ತು ಮಾವ" ಅಂದಳು. ನೀನು ಎಲ್ಲರ ಹತ್ತಿರವೂ, "ಪಾಪ, ಅಷ್ಟು ದೂರದಲ್ಲವನೆ, ಅವನೇನ್ ಮಾಡಾನು" ಅನ್ನುತ್ತೀಯಂತೆ. ಇನ್ನು ಹಾಗನ್ನಬೇಡ, ಅಕ್ಕ.

ಬರುವ ಶುಕ್ರವಾರ ಮಧ್ಯಾಹ್ನ ಹಲಗೂರಿನಲ್ಲಿ ಇಳಿಯುತ್ತೇನೆ. ನನಗೆಂದು ಅಡುಗೆ ಮಾಡಬೇಡ. ಗಗನಳಿಗೆ ನಿಜವನ್ನು ನಾನೇ ಹೇಳುತ್ತೇನೆ. ಮೊದಲು ಭಾವನನ್ನು ಮಣ್ಣು ಮಾಡಿದ ಜಾಗ ತೋರಿಸು. ಆಮೇಲೆ ಒಳಗೆ ಬಾ ಅಂದರೆ ಬರುತ್ತೇನೆ, ಹೋಗು ಅಂದರೆ ಹೋಗುತ್ತೇನೆ.

ಇಂತಿ ನಿನ್ನ ತಮ್ಮ,
ಚಲುವ